ನಮ್ಮೂರು ಮುಂದೆ ಬಂದದ್ದು ಬೊಂಬಾಯಿ ದುಡ್ಡಿನಿಂದಲಾ, ಕಾನೂನಿನಿಂದಲಾ?

ಮಲ್ಪೆ ಹುಡುಗ:
ಉಡುಪಿಯಲ್ಲಿ ಎಂ.ಎ. ಅರ್ಥಶಾಸ್ತ್ರ ಓದುತ್ತಿದ್ದೇನೆ. ಮುಂದಿನ ವಾರ ಸೆಮಿನಾರ್. ಬಡ ದೇಶಗಳು ಮೇಲೆ ಬರುವುದಕ್ಕೆ ಸರ್ಕಾರದ ಕಾನೂನು, ಸಂಸ್ಥೆಗಳು ಎಷ್ಟು ಮುಖ್ಯ ಅನ್ನುವುದು ವಿಷಯ. 2024ರಲ್ಲಿ ಅಸೆಮೊಗ್ಲು, ಜಾನ್ಸನ್, ರಾಬಿನ್ಸನ್ ಮೂವರಿಗೆ ಅರ್ಥಶಾಸ್ತ್ರದ ನೊಬೆಲ್ ಸಿಕ್ಕಿದ್ದೂ ಇದೇ ವಿಚಾರಕ್ಕೆ. ಆಫ್ರಿಕಾದ ಬೋಟ್ಸ್ವಾನಾದ್ದು ಬರೆದಿಟ್ಟಿದ್ದೇನೆ. 1966ರಲ್ಲಿ ಸ್ವಾತಂತ್ರ್ಯ, ಮರುವರ್ಷವೇ ಓರಾಪಾದಲ್ಲಿ ವಜ್ರ. ಅದೂ ಅಧ್ಯಕ್ಷ ಸೆರೆಟ್ಸೆ ಖಾಮಾ ಅವರದೇ ಬುಡಕಟ್ಟಿನ ನೆಲದಲ್ಲಿ. ಆದರೂ ಗಣಿ ಹಕ್ಕು ಇಡೀ ದೇಶಕ್ಕೆ ಅಂತ ಕಾನೂನು ಮಾಡಿದರು, ದೇಶ ಮೇಲೆ ಬಂತು. ಕಾಂಗೋದಲ್ಲೂ ವಜ್ರ ಇದೆ, ಬಡತನ ಮಾತ್ರ ಹೋಗಲಿಲ್ಲ.

ಇಷ್ಟು ಹೇಳಿದ್ದಕ್ಕೆ ಮೇಷ್ಟ್ರು, "ನಿನ್ನ ಊರಿನದ್ದು ಒಂದು ಹೇಳು ಮಾರಾಯ" ಅಂದರು. ಮನೆಯಲ್ಲಿ ಕೇಳಿದರೆ ಬೊಂಬಾಯಿ ಹೋಟೆಲ್, ಗಲ್ಫ್ ದುಡ್ಡು ಅಂತಾರೆ. ಅಷ್ಟೇನಾ?

ಪಿಗ್ಮಿಯಣ್ಣ:
ಬೊಂಬಾಯಿ ದುಡ್ಡು ಸುಳ್ಳಲ್ಲ. ಆದರೆ ಬೊಂಬಾಯಿ ಬಸ್ಸಿಗೂ ದುಡ್ಡು ಬೇಕಲ್ವಾ?

ನಮ್ಮದು ಕಟಪಾಡಿ ಹತ್ತಿರ ಚಾಲಗೇಣಿ ಒಕ್ಕಲು. ಮೂಲಗೇಣಿಯವರ ಹಾಗೆ ಗಟ್ಟಿ ಹಕ್ಕಿಲ್ಲ, ಧಣಿ ಏಳು ಅಂದರೆ ಏಳಬೇಕು. ಕೊಯ್ಲಾದ ಮೇಲೆ ಅಪ್ಪ ಬೈಹುಲ್ಲು ಸುತ್ತಿ ಅಕ್ಕಿ ಮುಡಿ ಕಟ್ಟುತ್ತಿದ್ದರು. ದುಂಡಗಿನ ಮುಡಿಗಳು ಚಾವಡಿಯಲ್ಲಿ ಸಾಲಾಗಿ ಕೂತರೆ ನೋಡಲು ಚೆಂದ. ಗೇಣಿಗೆ ಅಂತ ಧಣಿಯ ಗಾಡಿ ಬಂತು ಅಂದರೆ ಚಾವಡಿ ಖಾಲಿ. ಬೇಲಿ ಬದಿಗೆ ಒಂದು ತೆಂಗಿನ ಸಸಿಯನ್ನೂ ಅಪ್ಪ ನೆಟ್ಟವರಲ್ಲ. ಯಾರಿಗೆ ಅಂತ ನೆಡುವುದು?

ಭೂಸುಧಾರಣೆ ಕಾಯ್ದೆ 1961ರದ್ದೇ ಇತ್ತು. ನಮ್ಮ ಮನೆಗೆ ಅದು ಮುಟ್ಟಲೇ ಇಲ್ಲ. ಮುಟ್ಟಿದ್ದು ದೇವರಾಜ ಅರಸು ಕಾಲದ 1974ರ ತಿದ್ದುಪಡಿ. ತಾಲೂಕಿನಲ್ಲೇ ಭೂ ನ್ಯಾಯಮಂಡಳಿ ಕೂತಿತು. ಗೇಣಿಗೆ ಉಳುವ ಗದ್ದೆ ನಮ್ಮ ಹೆಸರಿಗೆ ಆಗಬೇಕು ಅಂತ ಏಳನೇ ನಂಬರ್ ಫಾರಂ ತುಂಬಿಸಿ ಕೊಡಬೇಕಿತ್ತು. 'ಡಿಕ್ಲರೇಶನ್ ಹಾಕುವುದು' ಅಂತ ಹಳಬರು ಈಗಲೂ ಹೇಳುವುದು ಅದನ್ನೇ. ಅಸಿಸ್ಟೆಂಟ್ ಕಮಿಷನರ್ ಜೊತೆ ಇನ್ನೂ ನಾಲ್ಕು ಜನ ಸದಸ್ಯರು, ಅವರಲ್ಲಿ ಒಬ್ಬರು ಪರಿಶಿಷ್ಟ ಜಾತಿ ಅಥವಾ ಪಂಗಡದವರು. ಮುಖ್ಯ ವಿಷಯ, ಆಗ ವಕೀಲರಿಗೆ ಅಲ್ಲಿ ಪ್ರವೇಶ ಇರಲಿಲ್ಲ. ಕರಿ ಕೋಟು ಕಂಡಿದ್ದರೆ ಅಪ್ಪ ಬಾಯಿಯೇ ಬಿಡುತ್ತಿರಲಿಲ್ಲ. ಧಣಿ ಗೇಣಿಗೆ ರಸೀದಿ ಕೊಟ್ಟವರಲ್ಲ. ಪಕ್ಕದ ಗದ್ದೆಯವರು ಬಂದು "ಉಳುವುದು ಇವನೇ" ಅಂದರು. ಸಿಕ್ಕಿತು.

ಆ ಮಳೆಗಾಲವೇ ಅಪ್ಪ ಹನ್ನೊಂದು ತೆಂಗಿನ ಸಸಿ ನೆಟ್ಟರು. ಅವು ಫಲ ಬಿಟ್ಟ ಮೇಲೆ, ಆ ಕಾಯಿ ಮಾರಿದ ದುಡ್ಡಿನಲ್ಲೇ ತಮ್ಮ ಬೊಂಬಾಯಿಗೆ ಹೋದದ್ದು.

ನಾನು ಪಿಗ್ಮಿ ಕಲೆಕ್ಷನ್‌ಗೆ ಸೇರಿದೆ, ಅಂದರೆ ಜನರ ದಿನದಿನದ ಉಳಿತಾಯ ಬ್ಯಾಂಕಿಗೆ ಒಟ್ಟುಮಾಡುವ ಕೆಲಸ. ಅದು ಹುಟ್ಟಿದ್ದೂ ನಮ್ಮಲ್ಲೇ. ಮುಂದೆ ಸಿಂಡಿಕೇಟ್ ಬ್ಯಾಂಕ್ ಆದ ಉಡುಪಿಯ ಬ್ಯಾಂಕು 1928ರಲ್ಲಿ ಶುರು ಮಾಡಿದ್ದು, ದಿನಕ್ಕೆ ಎರಡಾಣೆ. ಮೀನು ಮಾರುವವರು ಬುಟ್ಟಿ ಬಿಟ್ಟು ಬ್ಯಾಂಕಿಗೆ ಬರುತ್ತಾರಾ? ನಾವೇ ಬುಟ್ಟಿ ಹತ್ತಿರ ಹೋಗುತ್ತಿದ್ದೆವು. ಒದ್ದೆ ನೋಟು, ಅದರಲ್ಲಿ ಬಂಗುಡೆ ಸಿಪ್ಪೆ.

ಕಾರ್ಕಳದಕ್ಕ:
ಎಲ್ಲ ಧಣಿಗಳೂ ಗುತ್ತಿನ ಮನೆಯ ದೊಡ್ಡ ಜಮೀನುದಾರರಲ್ಲ, ಅದನ್ನೂ ಬರೆಯಿರಿ. ನನ್ನ ಅಜ್ಜಿ ವಿಧವೆ. ಇದ್ದ ಎರಡು ಎಕರೆ ಗೇಣಿಗೆ ಕೊಟ್ಟಿದ್ದರು, ಅದೂ ಹೋಯಿತು. ಪರಿಹಾರದ ಹಣ ಅಂತ ಬಂದದ್ದು ಎಷ್ಟೋ, ಅಜ್ಜಿ ಸಾಯುವವರೆಗೂ ಅದನ್ನೇ ಹೇಳಿಕೊಂಡು ಅಳುತ್ತಿದ್ದರು. ಆ ಗದ್ದೆಯಲ್ಲಿ ನೇಜಿ (ಭತ್ತದ ಸಸಿ) ನೆಟ್ಟ ಕೂಲಿ ಹೆಂಗಸರಿಗೂ ಗದ್ದೆ ಸಿಗಲಿಲ್ಲ.

ಪಿಗ್ಮಿಯಣ್ಣ:
ಹೌದು ಅಕ್ಕ. ನಮ್ಮ ಗದ್ದೆಗೆ ನೇಜಿ ನೆಡಲು ಬರುತ್ತಿದ್ದವರಿಗೂ ಏನೂ ಸಿಗಲಿಲ್ಲ. ಅಪ್ಪ ಆ ಮಾತು ಎತ್ತುತ್ತಿರಲಿಲ್ಲ.

ಸುರತ್ಕಲ್ ಲೆಕ್ಕಿಗ:
ತಮ್ಮಾ, ಬೋಟ್ಸ್ವಾನಾಕ್ಕಿಂತ ತೈವಾನ್ ಜಾಸ್ತಿ ಹೊಂದುತ್ತದೆ. 1949ರಲ್ಲಿ ಗೇಣಿ ಬೆಳೆಯ ಶೇ. 37.5 ಮೀರಬಾರದು ಅಂದರು, 1953ರಲ್ಲಿ ಉಳುವವನಿಗೇ ಭೂಮಿ ಕೊಟ್ಟರು. ದಕ್ಷಿಣ ಕೊರಿಯಾದಲ್ಲೂ ಭೂಸುಧಾರಣೆ 1950ರಲ್ಲಿ ಜಾರಿಗೆ ಬಂತು.

ಮಲ್ಪೆ ಹುಡುಗ:
ಥ್ಯಾಂಕ್ಸ್ ಅಣ್ಣ, ಅಕ್ಕ. ಅಜ್ಜಿಯ ಕಥೆಯನ್ನೂ ಹಾಕುತ್ತೇನೆ. ಪಿಗ್ಮಿಯಣ್ಣ, ಮಂಡಳಿಯ ಆದೇಶದ ಕಾಗದ ಇದೆಯಾ? ಫೋಟೋ ಸಿಗಬಹುದಾ?

ಪಿಗ್ಮಿಯಣ್ಣ:
ಅಟ್ಟದ ಟ್ರಂಕಿನಲ್ಲಿ ಇರಬೇಕು. ಭಾನುವಾರ ಇಳಿಸುತ್ತೇನೆ. ಗೆದ್ದಲು ಬಿಟ್ಟಷ್ಟು ನಿನಗೆ.