ಹರಾಜಿನ ದುಡ್ಡು: ಯುಪಿಐ, ಗೇಟ್‌ವೇ, ಪೇಪಾಲ್ (ಪ್ರಶ್ನೋತ್ತರ)

ನಮ್ಮ ಅಂಚೆಚೀಟಿ, ನಾಣ್ಯ ಸಂಗ್ರಹಕಾರರ ಗುಂಪಿನಲ್ಲಿ ಭಾನುವಾರ ಸಂಜೆ ಹರಾಜು ಮುಗಿದ ಮೇಲೆ ಶುರುವಾಗುವ ಜಗಳ ಒಂದೇ: ದುಡ್ಡು ಹೇಗೆ ತೆಗೆದುಕೊಳ್ಳೋದು, ಅದಕ್ಕೆ ಎಷ್ಟು ಕಳೆದುಕೊಳ್ಳೋದು. ಈ ಸಲ ಪ್ರಶ್ನೆಗಳನ್ನು ಇಲ್ಲೇ ಹಾಕಿ ಎಂದಿದ್ದೆ. ನಾನು ವೃತ್ತಿಯಲ್ಲಿ ಲೆಕ್ಕಪರಿಶೋಧಕ. ಚೀಟಿ ಅಂಟಿಸುವ ಹುಚ್ಚು ಅದಕ್ಕಿಂತ ಹಳೆಯದು. ಹಾಗಾಗಿ ಎರಡೂ ಕಡೆಯ ನೋವು ಗೊತ್ತು.

ಪ್ರಶ್ನೆ (ಶಿವಮೊಗ್ಗ): ತಿಂಗಳಿಗೆ ಸುಮಾರು 100 ಲಾಟ್ (ಹರಾಜಿಗಿಟ್ಟ ಒಂದೊಂದು ವಸ್ತು ಅಥವಾ ಕಟ್ಟು) ಹೋಗುತ್ತವೆ. ಸರಾಸರಿ 350 ರೂಪಾಯಿ. ಎಲ್ಲರೂ ನನ್ನ ಮೊಬೈಲ್ ನಂಬರಿಗೇ ಯುಪಿಐ ಮಾಡುತ್ತಾರೆ. ಈಗ ಒಂದು ಪೇಮೆಂಟ್ ಗೇಟ್‌ವೇಯವರು (ಆನ್‌ಲೈನ್ ಪಾವತಿ ವಸೂಲಿ ಮಾಡಿಕೊಡುವ ಕಂಪನಿ) ಫೋನ್ ಮಾಡಿ, "ಲಿಂಕ್ ಕಳಿಸಿದರೆ ಸಾಕು ಸಾರ್, ಬರೀ ಶೇ 2" ಅಂತಿದ್ದಾರೆ. ತಗೊಳ್ಳಲಾ?

ಉತ್ತರ: "ಬರೀ ಶೇ 2" ಅಂತ ಹೇಳುವವರು ಪೂರ್ತಿ ಹೇಳುವುದಿಲ್ಲ. ಆ ಶುಲ್ಕದ ಮೇಲೆ ಸಾಮಾನ್ಯವಾಗಿ ಶೇ 18 ಜಿಎಸ್‌ಟಿ ಇದೆ. ಸೇರಿಸಿದರೆ ಶೇ 2.36. ಒಂದು 350 ರೂಪಾಯಿಯ ಲಾಟ್‌ನಲ್ಲಿ 8 ರೂಪಾಯಿ 26 ಪೈಸೆ ಹೋಯಿತು. ತಿಂಗಳಿಗೆ 35,000ದ ಮೇಲೆ 826 ರೂಪಾಯಿ. ಮೇಲಾಗಿ ಯುಪಿಐನಲ್ಲಿ ದುಡ್ಡು ಆ ಕ್ಷಣಕ್ಕೆ ಬಂದು ಬೀಳುತ್ತದೆ. ಗೇಟ್‌ವೇಯಲ್ಲಿ ಸಾಮಾನ್ಯವಾಗಿ ಎರಡು ಕೆಲಸದ ದಿನ ಕಾಯಬೇಕು. ಶನಿವಾರ, ಭಾನುವಾರ ಮಧ್ಯೆ ಬಂದರೆ ಇನ್ನೂ ತಡ.

ನಿಮ್ಮದು ಅಡಿಕೆ ಮಂಡಿಯ ಊರು. ಮಂಡಿಯಲ್ಲಿ ದಲಾಲಿ ಕೊಟ್ಟರೆ ಬದಲಿಗೆ ಏನೋ ಸಿಗುತ್ತದೆ: ತೂಕ, ಗೋದಾಮು, ಕಷ್ಟಕಾಲಕ್ಕೆ ಮುಂಗಡ. ಇಲ್ಲೂ ಅದನ್ನೇ ಕೇಳಿ. ಈ 826ಕ್ಕೆ ನನಗೆ ಏನು ಸಿಕ್ಕಿತು? ಯಾರು ಕಟ್ಟಿದರು, ಯಾರು ಕಟ್ಟಿಲ್ಲ ಎಂದು ತಾನಾಗೇ ಗುರುತು ಹಾಕಿ ಕೊಡುತ್ತದೆ. ಕ್ರೆಡಿಟ್ ಕಾರ್ಡ್ ನಡೆಯುತ್ತದೆ. ಇಷ್ಟೇ. ತಿಂಗಳಿಗೆ 100 ಲಾಟ್ ಅಂದರೆ ಕೊಳ್ಳುವವರು 40 ಜನ ಇರಬಹುದು. ಅದನ್ನು ಒಂದು ನೋಟ್‌ಬುಕ್ಕಿನಲ್ಲಿ ಟಿಕ್ ಹಾಕಬಹುದು. ಸುಮ್ನೆ ಯಾಕೆ?

ಒಂದು ಕೆಲಸ ಮಾಡಿ. ಒಬ್ಬರು ಗೆದ್ದ ಎಲ್ಲ ಲಾಟ್‌ಗೂ ಸೇರಿಸಿ ಒಂದೇ ಬಿಲ್ ಕೊಡಿ. ಬಿಲ್ ನಂಬರನ್ನು ಯುಪಿಐ ಟಿಪ್ಪಣಿಯಲ್ಲಿ ಹಾಕಲು ಹೇಳಿ. ಅರ್ಧ ತಲೆನೋವು ಅಲ್ಲೇ ಹೋಗುತ್ತದೆ. ತಿಂಗಳಿಗೆ 150, 200 ಪಾವತಿ ದಾಟಿ, ಭಾನುವಾರ ರಾತ್ರಿ ನಿದ್ದೆಗೆಡುವ ಹಾಗಾದರೆ ಆಗ ಗೇಟ್‌ವೇ ಮಾತಾಡೋಣ.

ಮಧ್ಯದ ದಾರಿಯೂ ಇದೆ: ವ್ಯಾಪಾರಿ ಕ್ಯೂಆರ್. 2020ರ ಜನವರಿ 1ರಿಂದ ಯುಪಿಐ ಮತ್ತು ರುಪೇ ಡೆಬಿಟ್ ಕಾರ್ಡಿಗೆ ವ್ಯಾಪಾರಿಯಿಂದ ಶುಲ್ಕ ಹಿಡಿಯುವಂತಿಲ್ಲ. ಕೊಳ್ಳುವವರಿಗೆ ನಿಮ್ಮ ಮೊಬೈಲ್ ನಂಬರೂ ಕಾಣುವುದಿಲ್ಲ. ಕ್ಯೂಆರ್ ಜೊತೆ ಆ "ಹಣ ಬಂದಿದೆ" ಎಂದು ಕೂಗುವ ಪೆಟ್ಟಿಗೆಯನ್ನೂ ಅಂಟಿಸಲು ನೋಡುತ್ತಾರೆ. ಅದಕ್ಕೆ ತಿಂಗಳ ಬಾಡಿಗೆ. ಮನೆಯಲ್ಲಿ ಕೂತು ಹರಾಜು ಮಾಡುವವರಿಗೆ ಅದು ಬೇಡವೇ ಬೇಡ.

ಪ್ರಶ್ನೆ (ಅದೇ ಸದಸ್ಯರು): ಗೇಟ್‌ವೇ ತಗೊಂಡು ಆ ಶೇ 2 ಅನ್ನು ಕೊಳ್ಳುವವರ ಬಿಲ್ಲಿಗೇ ಸೇರಿಸಿದರೆ?

ಉತ್ತರ: ಬೇಡ. ಡೆಬಿಟ್ ಕಾರ್ಡಿನ ಶುಲ್ಕವನ್ನು ಗಿರಾಕಿಯ ಮೇಲೆ ಹಾಕಬಾರದು ಎಂದು ರಿಸರ್ವ್ ಬ್ಯಾಂಕ್ ಹೇಳಿದೆ. ನಿಯಮದ ಮಾತು ಬಿಡಿ, "ಪೇಮೆಂಟ್ ಚಾರ್ಜ್ 8 ರೂಪಾಯಿ" ಎಂದು ಬಿಲ್ಲಿನಲ್ಲಿ ಕಂಡರೆ ಮುಂದಿನ ವಾರ ಆ ಮನುಷ್ಯ ಬಿಡ್ ಮಾಡಲ್ಲ. ಶುರುವಿನ ಬೆಲೆಯನ್ನೇ 10 ರೂಪಾಯಿ ಏರಿಸಿ. ಯಾರೂ ಗೊಣಗುವುದಿಲ್ಲ.

ಪ್ರಶ್ನೆ (ಹುಬ್ಬಳ್ಳಿ): ಕೊಂಡವರು ಸ್ಕ್ರೀನ್‌ಶಾಟ್ ಹಾಕಿದ ಕೂಡಲೇ ಪಾರ್ಸೆಲ್ ಕಟ್ಟಬಹುದಾ?

ಉತ್ತರ: ಕಟ್ಟಬಹುದು, ಕಳಿಸಬಾರದು. ನನ್ನದೇ ಕಥೆ ಕೇಳಿ. ಒಂದು ಭಾನುವಾರ 1,400 ರೂಪಾಯಿಯ ಮೊದಲ ದಿನದ ಲಕೋಟೆಗಳ (ಹೊಸ ಅಂಚೆಚೀಟಿ ಬಿಡುಗಡೆಯಾದ ದಿನದ ಮುದ್ರೆ ಬಿದ್ದವು) ಕಟ್ಟು ಹೋಯಿತು. ಹತ್ತು ನಿಮಿಷದಲ್ಲಿ ಸ್ಕ್ರೀನ್‌ಶಾಟ್ ಬಂತು. ಹಸಿರು ಗುರುತು, ನನ್ನ ಹೆಸರು, ಮೊತ್ತ, ಸಮಯ, ಎಲ್ಲ ಸರಿ. ಸೋಮವಾರ ಬೆಳಗ್ಗೆ ಸ್ಪೀಡ್ ಪೋಸ್ಟ್ ಮಾಡಿ ಬಂದೆ. ಬುಧವಾರ ಪಾಸ್‌ಬುಕ್ ನೋಡಿದರೆ ದುಡ್ಡು ಇಲ್ಲ. ಆ ಚಿತ್ರವನ್ನು ದೊಡ್ಡದು ಮಾಡಿ ಯುಟಿಆರ್ ನಂಬರ್ (ಪ್ರತಿ ಪಾವತಿಯ ಗುರುತಿನ ಸಂಖ್ಯೆ) ಎಣಿಸಿದೆ. ಯುಪಿಐನ ನಂಬರಿನಲ್ಲಿ 12 ಅಂಕಿ ಇರಬೇಕು. ಅದರಲ್ಲಿ ಇದ್ದದ್ದು 11. ಅಷ್ಟು ಹೊತ್ತಿಗೆ ಲಕೋಟೆಗಳು ಅವನ ಕೈ ಸೇರಿದ್ದವು, ಅವನು ಗುಂಪು ಬಿಟ್ಟಿದ್ದ. ಲೆಕ್ಕಪರಿಶೋಧಕನಿಗೇ ಹೀಗಾಯಿತು ಅಂತ ಹೆಂಡತಿ ಈಗಲೂ ಆಡಿಕೊಳ್ಳುತ್ತಾಳೆ.

ಹಾಗಾಗಿ ಸ್ಕ್ರೀನ್‌ಶಾಟ್ ನೋಡಲೇಬೇಡಿ, ನಿಮ್ಮ ಬ್ಯಾಂಕ್ ಆ್ಯಪ್ ನೋಡಿ. "ದುಡ್ಡು ಕಳಿಸಿದ್ದೇನೆ, ತಗೊಳ್ಳೋಕೆ ನಿಮ್ಮ ಪಿನ್ ಹಾಕಿ" ಎಂದರೆ ಅಲ್ಲಿಗೇ ನಿಲ್ಲಿಸಿ. ದುಡ್ಡು ತೆಗೆದುಕೊಳ್ಳಲು ಯಾವ ಪಿನ್ನೂ ಬೇಕಿಲ್ಲ. ಪಿನ್ ಒತ್ತಿದರೆ ಹೋಗುವುದು ನಿಮ್ಮ ದುಡ್ಡೇ. ಹೋಯಿತು ಅಂತ ಗೊತ್ತಾದ ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ನಾಳೆ ನೋಡೋಣ ಅಂದರೆ ತಡವಾಗುತ್ತದೆ.

ಪ್ರಶ್ನೆ (ಮೈಸೂರು): ನಾನು ಹಳಬ. ಈಬೇ ಇಂಡಿಯಾ ಇದ್ದಾಗ ಪೈಸಾಪೇ ಇತ್ತು, ಯಾರಿಗೂ ಮೋಸ ಆಗ್ತಿರಲಿಲ್ಲ. ಈಗ ಅಂಥದ್ದು ಯಾಕಿಲ್ಲ?

ಉತ್ತರ: ಮೋಸ ಆಗ್ತಿರಲಿಲ್ಲ ಅನ್ನೋದು ಸ್ವಲ್ಪ ಜಾಸ್ತಿ ಆಯಿತು. ಆದರೆ ನೀವು ಹೇಳುವುದರಲ್ಲಿ ತಿರುಳಿದೆ. ಬಾಜಿ ಡಾಟ್ ಕಾಮ್ ಎಂಬ ಆನ್‌ಲೈನ್ ಹರಾಜು ತಾಣವನ್ನು 2004ರಲ್ಲಿ ಅಮೆರಿಕದ ಈಬೇ ಕೊಂಡಿತು, ಅದೇ ಈಬೇ ಇಂಡಿಯಾ ಆಯಿತು. 2017ರಲ್ಲಿ ಫ್ಲಿಪ್‌ಕಾರ್ಟ್ ಕೈಗೆ ಹೋಗಿ, 2018ರ ಆಗಸ್ಟ್‌ನಲ್ಲಿ ಮುಚ್ಚಿತು. ಪೈಸಾಪೇಯಲ್ಲಿ ಕೊಂಡವರ ದುಡ್ಡು ಮೊದಲು ಮಧ್ಯದವರ ಹತ್ತಿರ ನಿಲ್ಲುತ್ತಿತ್ತು. ನಾವು ಪಾರ್ಸೆಲ್ ಕಳಿಸಿದ ವಿವರ ತುಂಬಬೇಕು, ಆಮೇಲೆ ನಮ್ಮ ಖಾತೆಗೆ. ಆ ಶುಲ್ಕ ಜಾಸ್ತಿ ಅಂತ ನಾವೆಲ್ಲ ಬೈದವರೇ. ನಾನೂ ಬೈದಿದ್ದೇನೆ.

ಈಗ ಯುಪಿಐನಲ್ಲಿ ಶುಲ್ಕ ಸೊನ್ನೆ, ಮಧ್ಯದವರೂ ಸೊನ್ನೆ. ದುಡ್ಡು ಒಮ್ಮೆ ದಾಟಿದರೆ ದಾಟಿತು. ಅಂದರೆ ಆಗ ನಾವು ಶುಲ್ಕವಾಗಿ ಕೊಡುತ್ತಿದ್ದದ್ದನ್ನು ಈಗ ಅಪಾಯವಾಗಿ ಹೊರುತ್ತಿದ್ದೇವೆ. ನಮ್ಮಂಥ ಗುಂಪಿನಲ್ಲಿ ಆ ಮಧ್ಯದವರ ಕೆಲಸ ಮಾಡುತ್ತಿರುವುದು ಪರಿಚಯ. ಯಾರು ಎಷ್ಟು ವರ್ಷದಿಂದ ಇದ್ದಾರೆ, ಯಾರು ಗೆದ್ದು ಕೈಕೊಟ್ಟಿದ್ದಾರೆ, ಎಲ್ಲರಿಗೂ ಗೊತ್ತು. ಹೊಸಬರಿಗೆ 5,000 ದಾಟಿದ ಲಾಟ್ ಇದ್ದರೆ ನಾನು ಗುಂಪಿನ ಹಿರಿಯರೊಬ್ಬರ ಹತ್ತಿರ ದುಡ್ಡು ಇಡಿಸುತ್ತೇನೆ, ಪಾರ್ಸೆಲ್ ತಲುಪಿದ ಮೇಲೆ ಬಿಡಿಸಿಕೊಳ್ಳುತ್ತೇನೆ. ಹಿಂದೆ ವಿ.ಪಿ.ಪಿ.ಯಲ್ಲಿ (ಪೋಸ್ಟ್‌ಮ್ಯಾನ್ ಕೈಗೆ ದುಡ್ಡು ಕೊಟ್ಟು ಕಟ್ಟು ಬಿಡಿಸಿಕೊಳ್ಳುವುದು) ಪುಸ್ತಕ ತರಿಸುತ್ತಿದ್ದೆವಲ್ಲ, ಅಲ್ಲಿ ಪೋಸ್ಟ್‌ಮ್ಯಾನ್ ಆ ಹಿರಿಯ. ಗಿರಾಕಿ "ಬೇಡ" ಅಂದರೆ ವಾಪಸ್ ಬಂದ ಕಟ್ಟಿನ ಅಂಚೆ ಖರ್ಚು ಮಾತ್ರ ಮಾರಿದವರ ತಲೆಗೆ.

ಪ್ರಶ್ನೆ (ಮಂಗಳೂರು): ಕಳೆದ ತಿಂಗಳು ನನ್ನ ಉಳಿತಾಯ ಖಾತೆಯಲ್ಲಿ 1,850 ರೂಪಾಯಿಗೆ ಲೀನ್ (ಆ ಮೊತ್ತ ತೆಗೆಯದಂತೆ ತಡೆ) ಹಾಕಿದ್ದಾರೆ. ಬ್ಯಾಂಕಿನಲ್ಲಿ ಕೇಳಿದರೆ "ಬೇರೆ ರಾಜ್ಯದ ಸೈಬರ್ ದೂರು" ಅಂತಾರೆ. ನಾನು ಮಾರಿದ್ದು ಬರೀ ಒಂದು ಬೆಂಕಿಪೊಟ್ಟಣದ ಲೇಬಲ್ ಸಂಗ್ರಹ!

ಉತ್ತರ: ಯುಪಿಐಗೆ ಖರ್ಚೇ ಇಲ್ಲ ಅನ್ನುವವರು ಇದನ್ನು ಓದಬೇಕು. ಎಲ್ಲೋ ಯಾರಿಗೋ ಮೋಸ ಮಾಡಿದ ದುಡ್ಡು ನಾಲ್ಕು ಖಾತೆ ಸುತ್ತಿ, ಕೊನೆಗೆ ನಿಮ್ಮ ಲೇಬಲ್‌ಗಳನ್ನು ಕೊಂಡಿದೆ. ಪೊಲೀಸರು ಆ ಜಾಡು ಹಿಡಿದು ಬಂದಾಗ ಸಾಲಿನಲ್ಲಿದ್ದ ಖಾತೆಗಳಿಗೆಲ್ಲ ತಡೆ ಬೀಳುತ್ತದೆ. ನಿಮ್ಮದು ಅಷ್ಟೇ ಮೊತ್ತಕ್ಕೆ ನಿಂತಿದೆ, ಕೆಲವರ ಖಾತೆಯೇ ಪೂರ್ತಿ ನಿಂತುಬಿಡುತ್ತದೆ. ಸಂಬಳ, ಗ್ಯಾಸ್ ಸಬ್ಸಿಡಿ, ಮಗುವಿನ ಶಾಲೆ ಫೀಸು ಎಲ್ಲ ಒಂದೇ ಖಾತೆಯಲ್ಲಿದ್ದರೆ ಗತಿ ಏನು?

ಈಗ ಮಾಡಬೇಕಾದದ್ದು: ಬ್ಯಾಂಕಿನಿಂದ ದೂರಿನ ಸಂಖ್ಯೆ ಮತ್ತು ಪೊಲೀಸ್ ಠಾಣೆಯ ವಿವರ ಬರವಣಿಗೆಯಲ್ಲಿ ತೆಗೆದುಕೊಳ್ಳಿ. ಹರಾಜಿನ ಚಾಟ್, ಗೆದ್ದವರ ನಂಬರು ಮತ್ತು ವಿಳಾಸ, ಸ್ಪೀಡ್ ಪೋಸ್ಟ್ ರಸೀದಿ, ಪಾರ್ಸೆಲ್‌ನ ಫೋಟೋ, ಇಷ್ಟನ್ನು ಒಂದು ಪತ್ರದ ಜೊತೆ ತನಿಖಾಧಿಕಾರಿಗೆ ಕಳಿಸಿ. ಪ್ರತಿ ನಿಮ್ಮ ಬ್ಯಾಂಕಿಗೂ ಇರಲಿ. ವಸ್ತು ಕೊಟ್ಟು ದುಡ್ಡು ತೆಗೆದುಕೊಂಡಿದ್ದೀರಿ ಎಂದು ಕಾಗದ ಹೇಳಬೇಕು.

ಮುಂದಕ್ಕೆ ಹರಾಜಿಗೇ ಬೇರೆ ಖಾತೆ ತೆರೆಯಿರಿ. ವಾರಕ್ಕೊಮ್ಮೆ ಅದನ್ನು ಖಾಲಿ ಮಾಡಿ. ಗೆದ್ದವರೇ ತಮ್ಮ ಖಾತೆಯಿಂದ ಕಟ್ಟಬೇಕು ಎಂದು ನಿಯಮ ಹಾಕಿ. "ಫ್ರೆಂಡ್ ಕೈಲಿ ಹಾಕಿಸ್ತೀನಿ" ಎಂದರೆ ಒಪ್ಪಬೇಡಿ.

ಪ್ರಶ್ನೆ (ತುಮಕೂರು): 2025ರ ಜುಲೈನಲ್ಲಿ ಬೇಕರಿ, ತರಕಾರಿ ಅಂಗಡಿಯವರಿಗೆಲ್ಲ ಯುಪಿಐ ಲೆಕ್ಕ ನೋಡಿ ಜಿಎಸ್‌ಟಿ ನೋಟಿಸ್ ಬಂತಲ್ಲ. ನಾವೂ ಕ್ಯಾಶ್‌ಗೆ ಹೋದರೆ ಒಳ್ಳೇದಲ್ವಾ?

ಉತ್ತರ: ಆಗ ಬೆಂಗಳೂರಿನಲ್ಲಿ ಎಷ್ಟೋ ಅಂಗಡಿಯವರು ಕ್ಯೂಆರ್ ಕಿತ್ತು ಒಳಗಿಟ್ಟಿದ್ದರು. ಕ್ಯಾಶ್ ಆದರೂ ವಹಿವಾಟು ವಹಿವಾಟೇ, ಲೆಕ್ಕಕ್ಕೆ ಸೇರುತ್ತದೆ. ಸರಕು ಮಾರುವವರಿಗೆ ಕರ್ನಾಟಕದಲ್ಲಿ ವರ್ಷಕ್ಕೆ 40 ಲಕ್ಷ ದಾಟಿದರೆ ಜಿಎಸ್‌ಟಿ ನೋಂದಣಿ. ಶಿವಮೊಗ್ಗದವರ ಲೆಕ್ಕ ವರ್ಷಕ್ಕೆ 4 ಲಕ್ಷ 20 ಸಾವಿರ, ಎಲ್ಲಿಂದೆಲ್ಲಿಗೆ! ಆದರೆ ಒಂದು ಮುಳ್ಳಿದೆ. ವ್ಯಾಪಾರವಾಗಿ ಮಾಡುತ್ತಾ ಹೊರರಾಜ್ಯಕ್ಕೆ ಸರಕು ಕಳಿಸಿದರೆ ಆ 40 ಲಕ್ಷದ ರಿಯಾಯಿತಿ ಇಲ್ಲ. ಅಪ್ಪನ ಆಲ್ಬಂ ಬಿಚ್ಚಿ ಮಾರುವುದು ಬೇರೆ, ಪ್ರತಿ ವಾರ ಕೊಂಡು ಮಾರುವುದು ಬೇರೆ. ಎರಡನೆಯದಾದರೆ ನಿಮ್ಮ ಊರಿನ ಲೆಕ್ಕದವರನ್ನು ಒಮ್ಮೆ ನೋಡಿ.

ಪ್ರಶ್ನೆ (ಬೆಂಗಳೂರು): ನ್ಯೂಜೆರ್ಸಿಯ ಕನ್ನಡಿಗರೊಬ್ಬರು ನನ್ನ ಮೈಸೂರು ಸಂಸ್ಥಾನದ ಸರಕುಗಳಿಗೆ ಬಿಡ್ ಮಾಡುತ್ತಿದ್ದಾರೆ. ಹೆಚ್ಚಿನವು 5 ಡಾಲರ್ ಬೆಲೆಯವು, ಒಂದು ಮಾತ್ರ 40 ಡಾಲರ್‌ಗೆ ಹೋಗಿದೆ. ಪೇಪಾಲ್ ಸರೀನಾ?

ಉತ್ತರ: ಪೇಪಾಲ್ 2021ರ ಏಪ್ರಿಲ್ 1ರಿಂದ ನಮ್ಮ ದೇಶದೊಳಗಿನ ಪಾವತಿ ನಿಲ್ಲಿಸಿತು, ಹೊರಗಿನಿಂದ ಬರುವ ದುಡ್ಡು ಮಾತ್ರ ತೆಗೆದುಕೊಳ್ಳಬಹುದು. ಅದರ ಸಾಮಾನ್ಯ ದರ ಶೇ 4.4, ಮೇಲೆ ಪ್ರತಿ ಪಾವತಿಗೂ 0.30 ಡಾಲರ್. ಆ 30 ಸೆಂಟ್ ಇದೆಯಲ್ಲ, ಅದು ಸಣ್ಣ ಲಾಟ್‌ಗಳನ್ನು ತಿಂದು ಹಾಕುತ್ತದೆ. 5 ಡಾಲರ್‌ಗೆ 22 ಸೆಂಟ್ ಮತ್ತು 30 ಸೆಂಟ್, ಒಟ್ಟು 52. ಅಂದರೆ ಶೇ 10ಕ್ಕೂ ಜಾಸ್ತಿ. 40 ಡಾಲರ್‌ಗೆ 2.06 ಹೋಗಿ 37.94 ಉಳಿಯುತ್ತದೆ. ಎಲ್ಲರೂ ಲೆಕ್ಕವನ್ನು ಇಲ್ಲಿಗೇ ನಿಲ್ಲಿಸುತ್ತಾರೆ.

ಆದರೆ ಡಾಲರ್ ರೂಪಾಯಿ ಆಗಬೇಕಲ್ಲ. ಪೇಪಾಲ್ ಮಾಡುವ ವಿನಿಮಯ ದರ ಆ ದಿನದ ಮಾರುಕಟ್ಟೆ ದರಕ್ಕಿಂತ ಕಡಿಮೆ. ಶೇ 3 ಎಂದೇ ಹಿಡಿಯಿರಿ, ಇನ್ನೂ 1.14 ಹೋಯಿತು. ಕೈಗೆ 36.80. ಒಟ್ಟು ಕಡಿತ ಶೇ 8. ಇದು ಆ ಶುಲ್ಕದ ಲೆಕ್ಕದಲ್ಲಿ ಕಾಣುವುದಿಲ್ಲ, ವಿನಿಮಯ ದರದೊಳಗೇ ಸೇರಿರುತ್ತದೆ. ದುಡ್ಡು ಬಿದ್ದ ದಿನ ಪತ್ರಿಕೆಯ ಡಾಲರ್ ದರವನ್ನೂ ಬ್ಯಾಂಕಿಗೆ ಬಂದ ರೂಪಾಯಿಯನ್ನೂ ಪಕ್ಕದಲ್ಲಿಟ್ಟು ನೋಡಿ, ಗೊತ್ತಾಗುತ್ತದೆ.

ಈಬೇಯಲ್ಲಿ ಮಾರಿದರೆ ದುಡ್ಡು ಪಯೋನೀರ್ ಎಂಬ ಪಾವತಿ ಕಂಪನಿಯ ಮೂಲಕ ಬರುತ್ತದೆ. ಅಲ್ಲಿ ದೊಡ್ಡ ಕಡಿತ ಈಬೇಯದ್ದೇ. ಹೆಚ್ಚಿನ ವರ್ಗಗಳಲ್ಲಿ ಶೇ 13ರ ಆಸುಪಾಸು, ಅದೂ ಅಂಚೆ ಖರ್ಚನ್ನೂ ಸೇರಿಸಿದ ಮೊತ್ತದ ಮೇಲೆ. ಬ್ಯಾಂಕ್ ವೈರ್ (ಬ್ಯಾಂಕಿನಿಂದ ಬ್ಯಾಂಕಿಗೆ ನೇರ ವರ್ಗಾವಣೆ) ಕಳಿಸಲು ಅಮೆರಿಕದ ಬ್ಯಾಂಕುಗಳು 30, 40 ಡಾಲರ್ ಹಿಡಿಯುತ್ತವೆ, ನಿಮ್ಮ ಲಾಟ್ ಬೆಲೆಯೇ ಅಷ್ಟು.

ನಾನು ನಿಮ್ಮ ಜಾಗದಲ್ಲಿದ್ದರೆ ಹೀಗೆ ಕೇಳುತ್ತಿದ್ದೆ: "ಸಾರ್, ಊರಲ್ಲಿ ಮನೆ ಇದೆಯಾ?" ಎನ್‌ಆರ್‌ಒ ಅಥವಾ ಎನ್‌ಆರ್‌ಇ ಖಾತೆ (ಅನಿವಾಸಿ ಭಾರತೀಯರಿಗೆ ಇಲ್ಲಿನ ಬ್ಯಾಂಕುಗಳು ಕೊಡುವ ಖಾತೆ) ಇದ್ದರೆ ಅಮೆರಿಕದ ಮೊಬೈಲ್ ನಂಬರಿನಿಂದಲೇ ಯುಪಿಐ ಮಾಡಬಹುದು, 2023ರಲ್ಲಿ ಅದಕ್ಕೆ ಅವಕಾಶ ಆಯಿತು. ಪಾರ್ಸೆಲ್ ಇಲ್ಲಿನ ಮನೆಗೇ ತಲುಪಿದರೆ ಅದು ಒಳನಾಡಿನ ಮಾರಾಟ. ಶುಲ್ಕ ಇಲ್ಲ, ವಿನಿಮಯ ಇಲ್ಲ, ಕಸ್ಟಮ್ಸ್ ಫಾರಂ ಇಲ್ಲ. ಒಂದು ಎಚ್ಚರಿಕೆ: 100 ವರ್ಷ ದಾಟಿದ ನಾಣ್ಯವನ್ನು 1972ರ ಪ್ರಾಚ್ಯವಸ್ತು ಕಾಯ್ದೆಯ ಪ್ರಕಾರ ದೇಶದಾಚೆ ಒಯ್ಯುವ ಹಾಗಿಲ್ಲ, ಹಸ್ತಪ್ರತಿಗೆ 75 ವರ್ಷ. ಅಂಥದ್ದು ಲಾಟ್‌ನಲ್ಲಿದ್ದರೆ ಹರಾಜಿನಲ್ಲೇ ಬಾಯಿಬಿಟ್ಟು ಹೇಳಿ, ಸೂಟ್‌ಕೇಸಿನಲ್ಲಿ ಹಾಕಿಕೊಂಡು ಹೋಗಿ ಸಿಕ್ಕಿಬೀಳುವುದು ಬೇಡ.

ಪ್ರಶ್ನೆ (ಅದೇ ಸದಸ್ಯರು, ಎರಡು ದಿನದ ನಂತರ): ಕೇಳಿದೆ ಸಾರ್. ಜಯನಗರದಲ್ಲಿ ಅಪ್ಪ ಅಮ್ಮ ಇದ್ದಾರಂತೆ, ಯುಪಿಐಗೆ ಒಪ್ಪಿದರು. ಆದರೆ ಅಮ್ಮ ಪಾರ್ಸೆಲ್ ಬಿಚ್ಚಿ, ಹಳೇ ಕಾಗದ ಅಂತ ರದ್ದಿಗೆ ಹಾಕಿಬಿಟ್ಟರೆ ಅಂತ ಅವರಿಗೆ ಭಯ.

ಉತ್ತರ: ಭಯ ಸರಿಯಾಗಿಯೇ ಇದೆ. ನನ್ನ ಮನೆಯಲ್ಲಿ ಆಗಿದೆ. ಕವರಿನ ಮೇಲೆ ದಪ್ಪ ಅಕ್ಷರದಲ್ಲಿ "ಮಗನದ್ದು, ಬಿಚ್ಚಬೇಡಿ" ಅಂತ ಕನ್ನಡದಲ್ಲಿ ಬರೆದು ಕಳಿಸಿ.