ಮೆಣಸಿನಕಾಯಿಯ ಖಾರಕ್ಕೆ ಅಂಕ ಕೊಡುವಾಗ ಯಾರ ನಾಲಿಗೆಯನ್ನು ನಂಬಬೇಕು?

ಪ್ರಶ್ನೆ

ನಮಸ್ಕಾರ. ನಮ್ಮ ಮನೆಯಲ್ಲಿ ಸಾರಿನ ಪುಡಿಗೆ ಐದು ಪಾಲು ಬ್ಯಾಡಗಿ, ಒಂದು ಪಾಲು ಗುಂಟೂರು ಮೆಣಸಿನಕಾಯಿ ಹಾಕುವ ರೂಢಿಯಿದೆ. ಅಳತೆ ಬದಲಾಗದಿದ್ದರೂ ಈ ವರ್ಷದ ಪುಡಿಯ ಸಾರನ್ನು ಅತ್ತೆಯವರು ಸಪ್ಪೆ ಎಂದರೆ, ಮಗಳು ಎರಡೇ ತುತ್ತಿಗೆ ನೀರು ಕೇಳಿದಳು. ಡಬ್ಬಿಯ ಮೇಲೆ ಒಂದರಿಂದ ಐದರೊಳಗಿನ ಅಂಕ ಬರೆದಿಡಬೇಕೆಂದಿದ್ದೇನೆ. ಮೆಣಸಿನಕಾಯಿಯ ಖಾರ ಅಳೆಯುವ ಸ್ಕೋವಿಲ್ ಅಂಕಗಳನ್ನು ಇದಕ್ಕೆ ನೆಚ್ಚಿಕೊಳ್ಳಬಹುದೇ? ತಾವು ಅನುಸರಿಸುವ ಕ್ರಮವನ್ನು ದಯವಿಟ್ಟು ತಿಳಿಸಿ.

ಉತ್ತರ 1

ಅಮೆರಿಕದ ಔಷಧತಜ್ಞ ವಿಲ್ಬರ್ ಸ್ಕೋವಿಲ್ 1912ರಲ್ಲಿ ರೂಪಿಸಿದ ಕ್ರಮದಲ್ಲಿ, ಮೆಣಸಿನಿಂದ ತೆಗೆದ ಸತ್ವಕ್ಕೆ ಸಕ್ಕರೆ ನೀರನ್ನು ಬೆರೆಸುತ್ತ ಹೋಗಿ, ರುಚಿ ನೋಡುವವರಿಗೆ ಖಾರವೇ ತಿಳಿಯದಂತಾಗಲು ಎಷ್ಟು ಪಟ್ಟು ತೆಳುವಾಗಿಸಬೇಕಾಯಿತು ಎಂಬುದನ್ನು ಲೆಕ್ಕ ಹಾಕುತ್ತಿದ್ದರು. ಅಂದರೆ ಮೂಲದಲ್ಲಿ ಅದೂ ನಾಲಿಗೆಯ ಲೆಕ್ಕವೇ. ಈಗ ಪ್ರಯೋಗಾಲಯಗಳಲ್ಲಿ ಖಾರದ ಅಂಶವಾದ ಕ್ಯಾಪ್ಸೈಸಿನ್ ಅನ್ನು ಯಂತ್ರದಿಂದಲೇ ಅಳೆಯುತ್ತಾರೆ. ತಳಿ ತಳಿಗಳನ್ನು ಹೋಲಿಸಲು ಆ ಅಂಕ ಸಾಕು. ಆದರೆ ಒಂದೇ ಗಿಡದ ಕಾಯಿಗಳಲ್ಲಿಯೂ ಖಾರ ಹೆಚ್ಚುಕಡಿಮೆ ಇರುವುದರಿಂದ ನಿಮ್ಮ ಡಬ್ಬಿಯ ಪುಡಿಗೆ ಅದು ಹೊಂದದು.

ಉತ್ತರ 2

ನಾನು ಹಾವೇರಿ ಜಿಲ್ಲೆಯವಳು. ಮೊದಲ ಮಾತೆಂದರೆ, ಬಣ್ಣ ನೋಡಿ ಖಾರವನ್ನು ಅಂದಾಜು ಮಾಡಬೇಡಿ. 2011ರಲ್ಲಿ ಭೌಗೋಳಿಕ ಗುರುತು ಪಡೆದ ನಮ್ಮ ಬ್ಯಾಡಗಿ ಮೆಣಸಿನಕಾಯಿ, ಕಡ್ಡಿ ತಳಿಯಾಗಲಿ ಡಬ್ಬಿ ತಳಿಯಾಗಲಿ, ಗಾಢ ಕೆಂಪು ಬಣ್ಣಕ್ಕೆ ಹೆಸರಾದದ್ದೇ ಹೊರತು ಖಾರಕ್ಕಲ್ಲ. ಒಂದು ಒಣ ಕಾಯಿಯನ್ನು ಉದ್ದಕ್ಕೆ ಸೀಳಿ ನೋಡಿ: ಬೀಜಗಳು ಅಂಟಿಕೊಂಡಿರುವ ಬಿಳಿಚಿದ ತೆಳು ಎಳೆ ಕಾಣುತ್ತದೆ. ಖಾರ ತುಂಬಿರುವುದು ಅಲ್ಲಿ. ಬೀಜಕ್ಕೆ ತಗಲುವುದು ಅದರ ಸೋಂಕು ಮಾತ್ರ.

ನಾನು ಬೆಳಿಗ್ಗೆ ಕಾಫಿಗೆ ಮೊದಲು ಒಂದು ಹಿಡಿ ಬಿಸಿ ಅನ್ನಕ್ಕೆ ಒಂದು ಚಮಚ ಎಣ್ಣೆ, ಒಂದು ಚಿಟಿಕೆ ಪುಡಿ ಕಲಸಿ ತಿಂದು, ಎರಡು ಅಂಕಗಳನ್ನು ಬರೆದುಕೊಳ್ಳುತ್ತೇನೆ: ಬಾಯಿಗಿಟ್ಟ ಕೂಡಲೇ ಆದ ಖಾರಕ್ಕೆ ಒಂದು, ಐದು ನಿಮಿಷದ ಮೇಲೆ ಉಳಿದ ಉರಿಗೆ ಇನ್ನೊಂದು. ಎರಡನ್ನೂ ಕೂಡಿಸಿ ಒಂದೇ ಅಂಕ ಮಾಡುವುದು ನನಗೆ ಒಪ್ಪಿಗೆಯಿಲ್ಲ. ನಾಲಿಗೆಯ ತುದಿಯಲ್ಲಿ ಚುರ್ ಎಂದು ಮರೆಯಾಗುವ ಖಾರ ಬೇರೆ, ಗಂಟಲಿನಲ್ಲಿ ಕೂತುಬಿಡುವ ಖಾರ ಬೇರೆ.

ಉತ್ತರ 3

ಹಿಂದಿನ ಉತ್ತರದ ಕ್ರಮ ಒಳ್ಳೆಯದು. ಅದಕ್ಕೊಂದು ಮಾತು ಸೇರಿಸುತ್ತೇನೆ. ಮಲೆನಾಡಿನ ನಮ್ಮ ಮನೆಯಲ್ಲಿ ಸೂಜಿಮೆಣಸು ತಿಂದು ಬೆಳೆದ ನನಗೆ ಎರಡು ಅಂಕದ ಪುಡಿ, ಹೊರಗಿನಿಂದ ಬಂದ ಸೊಸೆಗೆ ನಾಲ್ಕು ಅಂಕದ್ದು. ಆದ್ದರಿಂದ ಮನೆಯಲ್ಲಿ ಎಲ್ಲರಿಗಿಂತ ಕಡಿಮೆ ಖಾರ ತಿನ್ನುವವರ ನಾಲಿಗೆಯನ್ನೇ ಅಳತೆಗೆ ಇಟ್ಟುಕೊಳ್ಳಿ. ಅತ್ತೆಯವರು ತಟ್ಟೆಯಲ್ಲಿ ಖಾರದ ಪುಡಿ ಬೆರೆಸಿಕೊಳ್ಳಬಲ್ಲರು; ಮಗಳು ಸಾರಿನಿಂದ ಖಾರ ಬೇರ್ಪಡಿಸಲಾರಳು. ಅವಳಿಗೆ ನೀರಿನ ಬದಲು ಮೊಸರು ಕೊಡಿ. ಕ್ಯಾಪ್ಸೈಸಿನ್ ನೀರಿನಲ್ಲಿ ಕರಗುವುದಿಲ್ಲ.

ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ಧನ್ಯವಾದ. ಇಂದು ಬೆಳಿಗ್ಗೆ ಎಣ್ಣೆ, ಅನ್ನ, ಚಿಟಿಕೆ ಪುಡಿ ಕಲಸಿ ಮಗಳಿಗೇ ಕೊಟ್ಟೆ. ಮೊದಲಿಗೆ ಎರಡು, ಐದು ನಿಮಿಷದ ಮೇಲೆ ನಾಲ್ಕು ಎಂದಳು. ಡಬ್ಬಿಯ ಮೇಲೆ ಎರಡನ್ನೂ ಬರೆದು, ಪಕ್ಕದಲ್ಲಿ ಅವಳ ಹೆಸರನ್ನೂ ಬರೆದಿದ್ದೇನೆ.