ಎದೆಹಾಲಿನ ಪ್ರಚಾರ ಹೇಳುವುದು, ಹೇಳದೆ ಬಿಡುವುದು: ಅನುಭವ ಇದ್ದವರು ಬರೆಯಿರಿ

ಪ್ರಶ್ನೆ (ಚೊಚ್ಚಲ ಬಸುರಿ):
ನನಗೀಗ ಏಳನೆಯ ತಿಂಗಳು. ಕೆಲವು ವರ್ಷಗಳ ಹಿಂದೆ ಸ್ತನದ ಗಾತ್ರ ತಗ್ಗಿಸುವ ಶಸ್ತ್ರಚಿಕಿತ್ಸೆ ಆಗಿದೆ. ಮುಂದೆ ಹಾಲು ಸಾಲದಿರಬಹುದು ಎಂದು ಆಗಲೇ ಹೇಳಿದ್ದರು. ತಪಾಸಣೆಗೆ ಹೋದಲ್ಲೆಲ್ಲ ಗೋಡೆಯ ಮೇಲೆ ‘ಎದೆಹಾಲೇ ಅಮೃತ’, ‘ಆರು ತಿಂಗಳು ಬೇರೇನೂ ಬೇಡ’. ಸಾಲದಿದ್ದರೆ ಏನು ಮಾಡಬೇಕು ಎಂಬ ಒಂದು ಸಾಲೂ ಕಾಣಲಿಲ್ಲ. ಆಸ್ಪತ್ರೆಯವರಿಗೆ ಮೊದಲೇ ತಿಳಿಸಬೇಕೇ? ಡಬ್ಬಿ ಹಾಲು (ಶಿಶುಗಳ ಹಾಲಿನ ಪುಡಿ) ತಂದಿಟ್ಟುಕೊಳ್ಳಬೇಕೇ?

ಡಬ್ಬಿ ತೆರೆದವಳು:
ಗೋಡೆ ಓದಿಕೊಂಡೇ ನಾನೂ ಹೆತ್ತೆ. ‘ಪ್ರತಿ ತಾಯಿಗೂ ತನ್ನ ಮಗುವಿಗೆ ಬೇಕಾದಷ್ಟು ಹಾಲಿರುತ್ತದೆ’ ಎಂದು ವಾರ್ಡಿನಲ್ಲಿ ದಪ್ಪಕ್ಷರದಲ್ಲಿತ್ತು. ಮಗು ಚೀಪುತ್ತಿತ್ತು, ನುಂಗುತ್ತಿರಲಿಲ್ಲ. ಬಟ್ಟೆಯ ಮೇಲೆ ಇಟ್ಟಿಗೆ ಬಣ್ಣದ ಕಲೆ ಕಾಣಿಸಿತು. ತೂಕ ಹತ್ತನೇ ಒಂದು ಭಾಗಕ್ಕಿಂತ ಹೆಚ್ಚು ಇಳಿದ ಮೇಲೆ ರಕ್ತಪರೀಕ್ಷೆ, ಹಾಲು ಸಾಲದೆ ಮೈಯ ನೀರು ಇಳಿದು ರಕ್ತದಲ್ಲಿ ಸೋಡಿಯಂ ಏರಿಕೆ, ಡ್ರಿಪ್. ಮನೆಗೆ ಬಂದ ಮೇಲೆ ಮೂರು ಪಾಳಿ: ಮೊದಲು ಎದೆಗೆ ಹಾಕಿಕೊಳ್ಳುವುದು, ಆಮೇಲೆ ಬಾಟಲಿ, ಆಮೇಲೆ ಪಂಪ್. ಪಂಪಿನಲ್ಲಿ ಒಂದು ಪುಟ್ಟ ರಬ್ಬರ್ ಕವಾಟ ಇರುತ್ತದೆ. ಅದು ಸೀಳಿದರೆ ಎಳೆತವೇ ಇರುವುದಿಲ್ಲ. ಅದು ಗೊತ್ತಾಗುವವರೆಗೆ ಹಾಲು ಬತ್ತಿತೆಂದು ಕಣ್ಣೀರು ಹಾಕಿದೆ. ಕವಾಟ ಬದಲಿಸಿದರೆ, ಎದೆಗಿಡುವ ಬಟ್ಟಲಿನ ಅಳತೆ ತಪ್ಪಿ ಮೊಲೆತೊಟ್ಟು ಒಡೆಯಿತು. ಬೇರೆ ಅಳತೆಯದು ತರಿಸಿದರೆ ಅದು ಹಳೆಯ ಪಂಪಿಗೆ ಕೂರಲಿಲ್ಲ. ತೊಳೆದು, ಕುದಿಸಿ, ಒಣಗಿಸಿ ಮುಗಿಸುವಷ್ಟರಲ್ಲಿ ಮಗು ಮತ್ತೆ ಎದ್ದಿರುತ್ತಿತ್ತು. ಕೊನೆಗೆ ಡಬ್ಬಿ ತೆರೆದೆ. ಅದರ ಮೇಲೂ ಎಚ್ಚರಿಕೆ: ಎದೆಹಾಲೇ ಶ್ರೇಷ್ಠ! ಆಸ್ಪತ್ರೆ ಕೊಟ್ಟ ಕೈಪಿಡಿಯಲ್ಲಿ ಡಬ್ಬಿ ಹಾಲಿನ ಕೆಡುಕು ಪುಟಗಟ್ಟಲೆ ಇತ್ತು, ಕಲಸುವ ಬಗೆ ಮಾತ್ರ ಇರಲಿಲ್ಲ. ಎಚ್ಚರಿಸುವುದಕ್ಕೆ ಇರುವ ಬಾಯಿ ಕಲಿಸುವುದಕ್ಕೆ ಏಕಿಲ್ಲ?

ಎರಡು ವರ್ಷ ಕುಡಿಸಿದವಳು:
ಹೆಮ್ಮೆಯಿದೆ, ಮುಚ್ಚಿಡುವುದಿಲ್ಲ. ಆರು ತಿಂಗಳು ಎದೆಹಾಲು ಮಾತ್ರ, ಆಮೇಲೆ ಬೇರೆ ಆಹಾರದ ಜೊತೆಗೆ ಎರಡು ವರ್ಷ ಅಥವಾ ಇನ್ನೂ ಹೆಚ್ಚು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳಿದಂತೆಯೇ ನಡೆದೆ. ಆದರೆ ‘ಎದೆಹಾಲು ಉಚಿತ’ ಎಂದು ಬರೆದ ಮಹಾನುಭಾವನನ್ನು ಒಮ್ಮೆ ನೋಡಬೇಕು. ಯಾರ ಸಮಯ ಉಚಿತ? ಬಡ್ತಿ ಬಿಟ್ಟೆ, ಅರ್ಧ ಸಂಬಳದ ಕೆಲಸಕ್ಕೆ ಒಪ್ಪಿದೆ, ಕಡತಗಳ ಕೋಣೆಯಲ್ಲಿ ಬಾಗಿಲಿಗೆ ಕುರ್ಚಿ ಅಡ್ಡವಿಟ್ಟು ಹಾಲು ಹಿಂಡಿದೆ. ಹಾಲು ಕಟ್ಟಿ ಬಾವು ಬಂತು, ಜ್ವರ ಬಂತು, ಆ್ಯಂಟಿಬಯಾಟಿಕ್ ಸಾಲದೆ ಕೀವು ತೆಗೆಸಬೇಕಾಯಿತು. ಗಾಯಕ್ಕೆ ಪಟ್ಟಿ ಕಟ್ಟಿಕೊಂಡೇ ಕುಡಿಸಿದೆ. ಇಷ್ಟಾದರೂ ‘ಪ್ರಚಾರದಿಂದ ತಾಯಂದಿರಿಗೆ ಪಾಪಪ್ರಜ್ಞೆ’ ಎಂಬ ರಾಗಕ್ಕೆ ನಾನು ತಲೆದೂಗುವುದಿಲ್ಲ. ಅದು ಕಂಪನಿಗಳಿಗೆ ಬಹಳ ಪ್ರಿಯವಾದ ರಾಗ. ಡಬ್ಬಿ ಹಾಲು ಮಾರುವ ನೆಸ್ಲೆ ಕಂಪನಿಯ ವಿರುದ್ಧ 1977ರ ಬಹಿಷ್ಕಾರ, ಅಂಥ ಹಾಲಿನ ಜಾಹೀರಾತಿಗೆ ಕಡಿವಾಣ ಹಾಕಲು ವಿಶ್ವ ಆರೋಗ್ಯ ಸಂಸ್ಥೆ ತಂದ 1981ರ ಮಾರಾಟ ಸಂಹಿತೆ ಸುಮ್ಮನೆ ಬಂದವೇ? ಶುದ್ಧ ನೀರಿಲ್ಲದ ಕಡೆ ಪುಡಿ ಮಾರಿದರು, ಕೊಳ್ಳಲಾಗದವರು ನೀರು ಹೆಚ್ಚಿಸಿ ಕೊಟ್ಟರು, ಮಕ್ಕಳು ಸತ್ತವು. ಅರ್ಧದಲ್ಲಿ ಕೈಬಿಟ್ಟವರು ಕೈಬಿಟ್ಟೆವು ಎನ್ನಲಿ, ಗೋಡೆಯನ್ನು ಬೈಯಬೇಡಿ.

ಡಬ್ಬಿ ತೆರೆದವಳು:
ಕೈಬಿಟ್ಟವರು ಯಾರು ತಾಯಿ? ನನ್ನ ಮಗುವಿನ ಸೋಡಿಯಂ ಏರಿಸಿದ್ದು ಕಂಪನಿಯೇ? ಆ ಸಂಹಿತೆ ಕಟ್ಟಿಹಾಕುವುದು ಮಾರುವವರನ್ನು, ತಾಯಂದಿರನ್ನಲ್ಲ, ಓದಿ ನೋಡಿ. 2004ರಲ್ಲಿ ಅಮೆರಿಕ ಸರ್ಕಾರದ ಎದೆಹಾಲಿನ ಪ್ರಚಾರದಲ್ಲಿ ತುಂಬು ಗರ್ಭಿಣಿಯೊಬ್ಬಳು ಯಾಂತ್ರಿಕ ಗೂಳಿಯ ಮೇಲೆ ಕುಳಿತು ಕುಲುಕಾಡುವ ಜಾಹೀರಾತು ಬಂತು. ಹೆರುವ ಮೊದಲು ಇಂಥ ಅಪಾಯಕ್ಕೆ ಇಳಿಯುವುದಿಲ್ಲವಲ್ಲ, ಹೆತ್ತ ಮೇಲೇಕೆ ಎಂಬ ಪ್ರಶ್ನೆ ಬೇರೆ. ಅಂದರೆ ಬಾಟಲಿ ಹಿಡಿದವಳು ಗೂಳಿ ಏರಿದವಳಿಗೆ ಸಮ. ಇದನ್ನು ಯಾವ ಕಂಪನಿ ಬರೆಸಿತು?

ಅವಳಿಗಳ ಅಪ್ಪ:
ಗಂಡಸಿಗೇನು ಗೊತ್ತು ಎನ್ನುವವರು ಮುಂದಿನ ಉತ್ತರಕ್ಕೆ ಹೋಗಬಹುದು. ನಮ್ಮ ಮಕ್ಕಳು ಅವಧಿಗೆ ಮೊದಲೇ ಹುಟ್ಟಿದವರು. ಹೆಂಡತಿಗೆ ರಕ್ತಸ್ರಾವವಾಗಿ ಹಾಲು ಬರುವುದು ತಡವಾಯಿತು. ರಾತ್ರಿ ಬಾಟಲಿ ಹಿಡಿದವನು ನಾನು. ಯಾವ ಭಿತ್ತಿಪತ್ರದಲ್ಲೂ ನನಗೆ ಜಾಗವಿಲ್ಲ, ಇದ್ದರೂ ತಾಯಿಯ ಹಿಂದೆ ನಿಂತು ನಗಬೇಕು. ಇನ್ನು ಪ್ರಚಾರದವರು ಹೆದರಿಸುವ ಬಗೆ: ಭೇದಿ, ಬೊಜ್ಜು, ಆಸ್ತಮಾ ಎಲ್ಲಕ್ಕೂ ಒಂದೇ ಗಾತ್ರದ ಅಕ್ಷರ. ಬೆಲಾರೂಸಿನಲ್ಲಿ ಸುಮಾರು 17 ಸಾವಿರ ತಾಯಿ-ಮಕ್ಕಳ ಮೇಲೆ ನಡೆದ ಪ್ರಯೋಗದಲ್ಲಿ, ಎದೆಹಾಲಿಗೆ ಒತ್ತು ಕೊಟ್ಟ ಗುಂಪಿನ ಮಕ್ಕಳಲ್ಲಿ ಮೊದಲ ವರ್ಷದ ಹೊಟ್ಟೆಯ ಸೋಂಕು, ಎಕ್ಸಿಮಾ ಎಂಬ ಚರ್ಮದ ತುರಿಕೆ ಕಡಿಮೆಯಾದವು. ಮಕ್ಕಳು ಶಾಲೆಯ ವಯಸ್ಸಿಗೆ ಬಂದಾಗ ಬೊಜ್ಜಾಗಲಿ ಆಸ್ತಮಾ ಆಗಲಿ ಇಳಿದದ್ದು ಕಾಣಲಿಲ್ಲ.

ಎರಡು ವರ್ಷ ಕುಡಿಸಿದವಳು:
ಬೇಕಾದ ಸಾಲು ಆರಿಸಿಕೊಂಡಿದ್ದೀರಿ. ಅದೇ ಮಕ್ಕಳು ಬುದ್ಧಿಮತ್ತೆಯ ಪರೀಕ್ಷೆಯಲ್ಲಿ ಮುಂದಿದ್ದರು, ಅದನ್ನೇಕೆ ಬಿಟ್ಟಿರಿ? ಅಲ್ಲಿ ಹೋಲಿಸಿದ್ದು ಎದೆಹಾಲನ್ನೂ ಡಬ್ಬಿಯನ್ನೂ ಅಲ್ಲ. ಎರಡೂ ಗುಂಪಿನ ತಾಯಂದಿರು ಎದೆಹಾಲಿನಿಂದಲೇ ಆರಂಭಿಸಿದ್ದರು. ಒಂದು ಗುಂಪಿನ ಆಸ್ಪತ್ರೆಗಳು ಹೆಚ್ಚು ನೆರವು ಕೊಟ್ಟವು, ಅಷ್ಟೇ.

ಅವಳಿಗಳ ಅಪ್ಪ:
ನೆರವು ಕೊಟ್ಟವು! ನಾನೂ ಅದನ್ನೇ ಹೇಳುತ್ತಿರುವುದು. ನೆರವು ಕೊಟ್ಟವು, ಗೂಳಿ ತೋರಿಸಲಿಲ್ಲ.

ನಿವೃತ್ತ ನರ್ಸ್:
ಆಸ್ಪತ್ರೆಗಳಲ್ಲಿ ಎದೆಹಾಲು ಕುಡಿಸಲು ನೆರವಾಗುವ ‘ಶಿಶುಸ್ನೇಹಿ ಆಸ್ಪತ್ರೆ’ ಯೋಜನೆ 1991ರಲ್ಲಿ ಬಂದಾಗ ನಾನು ಹೆರಿಗೆ ವಾರ್ಡಿನಲ್ಲಿದ್ದೆ. ಅದರ ಹತ್ತು ಸೂತ್ರಗಳು ಒಳ್ಳೆಯವೇ. ಆದರೆ ಮಗುವನ್ನು ಸರಿಯಾಗಿ ಎದೆಗೆ ಹಿಡಿಸಲು ಒಬ್ಬೊಬ್ಬ ತಾಯಿಯ ಪಕ್ಕದಲ್ಲೂ ಬಹಳ ಹೊತ್ತು ಕೂರಬೇಕು, ನಾವು ಪಾಳಿಗೆ ಇಬ್ಬರೇ. ಗೋಡೆಗೆ ಕಾಗದ ಅಂಟಿಸಲು ಅಷ್ಟು ಹೊತ್ತು ಬೇಡ. ನಮ್ಮ ಬೆನ್ನು ಮುರಿದದ್ದು ಯಾವ ವರದಿಯಲ್ಲೂ ಬರಲಿಲ್ಲ. ಪ್ರಶ್ನೆ ಕೇಳಿದವಳೇ, ಶಸ್ತ್ರಚಿಕಿತ್ಸೆಯ ವಿಷಯ ಮೊದಲೇ ಹೇಳಮ್ಮ, ಮೊದಲ ದಿನಗಳಲ್ಲಿ ಮಗುವಿನ ತೂಕ ನೋಡಿಸು. ಹೊರಗಿನ ಹಾಲು ಬೇಕಾದರೆ ಪುಟ್ಟ ಲೋಟದಲ್ಲಿ ಕೊಡು, ಬಾಟಲಿ ಬೇಡ.

ಅವಳಿಗಳ ಅಪ್ಪ:
ಲೋಟದಲ್ಲಿ ಕೊಟ್ಟು ನೋಡಿದೆವು, ಅರ್ಧ ಹಾಲು ಕತ್ತಿನ ಬಟ್ಟೆಗೆ ಹೋಯಿತು. ನಿಮ್ಮ ಸೂತ್ರಗಳನ್ನೇ 2018ರಲ್ಲಿ ತಿದ್ದಿ, ಬಾಟಲಿಯ ಬಳಕೆ ಮತ್ತು ಅಪಾಯವನ್ನು ತಾಯಿಗೆ ತಿಳಿಸಿಕೊಡಿ ಎಂದಿದ್ದಾರೆ. ಕುದಿಸಿ ಆರಿಸಿದ ನೀರಿಗೆ ಪುಡಿ ಹಾಕಿದರೆ ಮುಗಿಯಿತು, ಅದಕ್ಕೇಕೆ ಇಷ್ಟು ಗದ್ದಲ?

ನಿವೃತ್ತ ನರ್ಸ್:
ಪೂರ್ತಿ ಆರಿಸಿದ ನೀರಲ್ಲ ಮಾರಾಯರೇ! ಪುಡಿಯೇ ಕ್ರಿಮಿರಹಿತವಲ್ಲ. ಅದರೊಳಗೆ ಕ್ರೊನೊಬ್ಯಾಕ್ಟರ್ ಎಂಬ ರೋಗಾಣು ಇರಬಹುದು. ಅದು ಸಾಯಲು ನೀರು ಕನಿಷ್ಠ 70 ಡಿಗ್ರಿ ಸೆಲ್ಸಿಯಸ್ ಬಿಸಿ ಇರುವಾಗಲೇ ಪುಡಿ ಹಾಕಬೇಕು, ಆಮೇಲೆ ಬಾಟಲಿಯನ್ನು ತಣ್ಣೀರಿನಲ್ಲಿ ಹಿಡಿದು ಆರಿಸಬೇಕು. ಎರಡು ಗಂಟೆಯೊಳಗೆ ಕುಡಿಯದೆ ಉಳಿದದ್ದನ್ನು ಚೆಲ್ಲಬೇಕು.

ಅವಳಿಗಳ ಅಪ್ಪ:
ಹಾಗಾದರೆ ನಾವು ತಂದ ಡಬ್ಬಿಯ ಮೇಲೆ ಅದಕ್ಕಿಂತ ಕಡಿಮೆ ಬಿಸಿ ಏಕೆ ಬರೆದಿತ್ತು?

ಎರಡು ವರ್ಷ ಕುಡಿಸಿದವಳು:
ಮಾರುವವರನ್ನು ಕೇಳಿ. ನಾನು ಹೇಳಿದರೆ ರಾಗ ಎನ್ನುತ್ತೀರಿ.

ಡಬ್ಬಿ ತೆರೆದವಳು:
ಮಾರುವವರನ್ನು ಏಕೆ ಕೇಳಬೇಕು? ನಾಲ್ಕು ಸಾಲು ಬರೆದುಕೊಡಲು ಆಸ್ಪತ್ರೆಗೆ ಕೈಯಿಲ್ಲವೇ?